ಕಡಲತೀರಕ್ಕೆ ನಾಲೆಯ ಪಿಚಿಂಗ್ ಸಾಕೇ?

ಪ್ರಶ್ನೆ: ನಾನು ಮಂಡ್ಯದವನು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಉಪನಾಲೆಗಳಲ್ಲಿ ಲೈನಿಂಗ್, ಕಲ್ಲಿನ ಪಿಚಿಂಗ್ (ದಂಡೆಯ ಇಳಿಜಾರಿಗೆ ಕಲ್ಲು ಜೋಡಿಸುವುದು), ಸಣ್ಣ ಸೇತುವೆ ಕೆಲಸ ಮಾಡುವ ಗುತ್ತಿಗೆದಾರ. ಕುಂದಾಪುರದ ಕಡೆ ಇರುವ ನನ್ನ ಭಾವಮೈದನ ಜೊತೆ ಸೇರಿ ಒಂದು ಬೀಚಿನ ಕೆಲಸಕ್ಕೆ ಟೆಂಡರ್ ಹಾಕುವ ಯೋಚನೆ ಇದೆ. ಸುಮಾರು 600 ಮೀಟರ್ ಉದ್ದದ ತೀರ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಪೇವರ್ ಹಾಕಿದ ಕಾಲುದಾರಿ, ದೀಪ, 40 ಕಾರಿನ ಪಾರ್ಕಿಂಗ್. ಹದಿನೈದು ವರ್ಷ ಬಾಳಬೇಕು, ಕಡಲಮಟ್ಟ ಏರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಷರತ್ತು ಹಾಕಿದ್ದಾರೆ. ಕಡಲು ವರ್ಷಕ್ಕೆ ಮೂರು-ನಾಲ್ಕು ಮಿಲಿಮೀಟರ್ ಏರುತ್ತದಂತೆ. ಹದಿನೈದು ವರ್ಷಕ್ಕೆ ನಾಲ್ಕು ಬೆರಳಗಲ ಆದೀತು. ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ? ಊರಿನವರು ಕಲ್ಲಿನ ತಡೆಗೋಡೆ ಬೇಕೇ ಬೇಕು ಅನ್ನುತ್ತಾರೆ; ನಾಲೆಗೆ ಮಾಡುವ ಹಾಗೆ ಸೈಜು ಕಲ್ಲಿನ ಪಿಚಿಂಗ್ ಮಾಡಿದರೆ ನಿಲ್ಲುವುದಿಲ್ಲವೆ? ಭರತದ ಗೆರೆಯಿಂದ 10 ಮೀಟರ್ ಬಿಟ್ಟರೆ ಸಾಕು ಎಂದು ಒಬ್ಬರು ಹೇಳಿದರು, ನಿಜವೆ? ಮುಂದೆ ಸರ್ವೆ ತೋಪು ಹಾಕಿದರೆ ಮರಳು ನಿಲ್ಲುತ್ತದೆಯೆ?

ಉತ್ತರ: ನಿಮ್ಮ ಪ್ರಶ್ನೆಗಳನ್ನು ಒಟ್ಟಿಗೆ ಓದಿದರೆ ಆತಂಕ ಒಂದೇ: ನಾಲೆಯ ದಂಡೆಯಲ್ಲಿ ಕೈ ಪಳಗಿಸಿದವನು ಕಡಲ ದಂಡೆಯಲ್ಲಿ ಕೈ ಸುಟ್ಟುಕೊಳ್ಳುತ್ತೇನೆಯೆ ಎಂಬುದು. ಸುಟ್ಟುಕೊಳ್ಳುವ ಸಾಧ್ಯತೆ ಇದೆ. ಕೆಲಸ ಕಷ್ಟ ಎಂದಲ್ಲ. ನಾಲೆಯಲ್ಲಿ ದಂಡೆ ಕದಲದೆ ನಿಂತರೆ ಗೆದ್ದ ಹಾಗೆ. ಬೀಚಿನಲ್ಲಿ ದಂಡೆಯನ್ನು ಕದಲದಂತೆ ಹಿಡಿದರೆ ಬೀಚೇ ಹೋಗುತ್ತದೆ. ಮರಳ ತೀರಕ್ಕೆ ಹಿಂದೆ ಸರಿಯಲು, ಮತ್ತೆ ಮುಂದೆ ಬರಲು ಜಾಗ ಬೇಕು. ಆ ಜಾಗ ಎಷ್ಟು, ಅದರೊಳಗೆ ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದು ಎಂಬುದೇ ನಿಮ್ಮ ವಿನ್ಯಾಸದ ಮುಕ್ಕಾಲು ಪಾಲು.

ಮೊದಲು ಮಿಲಿಮೀಟರಿನ ಲೆಕ್ಕ. ನೀವು ಹೇಳಿದ ಅಂಕಿ ಸರಿಯಾಗಿದೆ. ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2015ರ ನಡುವೆ ಕಡಲಮಟ್ಟ ವರ್ಷಕ್ಕೆ ಸರಾಸರಿ 3.3 ಮಿ.ಮೀ. ಏರಿದೆ. ಜಾಗತಿಕ ಸರಾಸರಿ 2006ರಿಂದ 2018ರ ನಡುವೆ 3.7 ಮಿ.ಮೀ.; ಇದೇ ದರ ಇಪ್ಪತ್ತನೇ ಶತಮಾನದ ಮೊದಲ ಏಳು ದಶಕಗಳಲ್ಲಿ 1.3 ಮಿ.ಮೀ. ಇತ್ತು. ಅಂದರೆ ಏರುವುದಷ್ಟೇ ಅಲ್ಲ, ಏರುವ ವೇಗವೂ ಹೆಚ್ಚುತ್ತಿದೆ. 1995-2014ರ ಮಟ್ಟಕ್ಕೆ ಹೋಲಿಸಿದರೆ 2050ರ ಹೊತ್ತಿಗೆ ಜಾಗತಿಕವಾಗಿ 20 ಸೆಂ.ಮೀ. ಆಸುಪಾಸು, 2100ಕ್ಕೆ ನಾವು ಎಷ್ಟು ಇಂಗಾಲ ಸುಡುತ್ತೇವೆ ಎಂಬುದರ ಮೇಲೆ 28 ಸೆಂ.ಮೀ.ನಿಂದ ಒಂದು ಮೀಟರ್‌ವರೆಗೆ ಏರಬಹುದು ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೇ ವರದಿಯ ಅಂದಾಜು. ನಿಮ್ಮ ಹದಿನೈದು ವರ್ಷಕ್ಕೆ 6 ಸೆಂ.ಮೀ. ಹಿಡಿಯಿರಿ.

ಆ 6 ಸೆಂ.ಮೀ. ನೀರು ನೇರವಾಗಿ ಮೇಲೆ ನಿಂತು ನಿಮ್ಮ ಕಟ್ಟಡವನ್ನು ಮುಳುಗಿಸುವುದಿಲ್ಲ. ಅದು ಕೆಲಸ ಮಾಡುವ ರೀತಿಯೇ ಬೇರೆ. ತೀರ ಇಳಿಜಾರು, ನೀರು ಸ್ವಲ್ಪ ಮೇಲೇರಿದರೂ ಅಲೆಗಳು ಒಡೆಯುವ ಜಾಗ ಒಳಕ್ಕೆ ಸರಿಯುತ್ತದೆ. ಅಲೆ ಮೇಲಿನ ಮರಳನ್ನು ಕೆರೆದು ಕಡಲೊಳಗಿನ ತಳಕ್ಕೆ ಹಾಸಿ, ಹೊಸ ಮಟ್ಟಕ್ಕೆ ತಕ್ಕ ಇಳಿಜಾರನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಪೆರ್ ಬ್ರೂನ್ ಎಂಬ ಎಂಜಿನಿಯರ್ 1962ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಅಲೆ ಮರಳನ್ನು ಆಡಿಸುವ ಪಟ್ಟಿಯ ಅಗಲವನ್ನು ಅದರ ಒಟ್ಟು ಎತ್ತರದಿಂದ ಭಾಗಿಸಿ, ಬಂದದ್ದನ್ನು ಕಡಲಿನ ಏರಿಕೆಯಿಂದ ಗುಣಿಸಿ. ದಿಬ್ಬದ ತಲೆಯಿಂದ ಕಡಲೊಳಗಿನ ಆ ಆಳದವರೆಗೆ ಎತ್ತರ 8 ಮೀಟರ್, ಅಡ್ಡಗಲ 600 ಮೀಟರ್ ಎಂದುಕೊಂಡರೆ ಗುಣಾಂಕ 75. ಆರು ಸೆಂಟಿಮೀಟರಿಗೆ ತೀರ ನಾಲ್ಕೂವರೆ ಮೀಟರ್ ಹಿಂದಕ್ಕೆ ಸರಿಯುತ್ತದೆ. ಮೂವತ್ತು ಸೆಂಟಿಮೀಟರಿಗೆ 22.5 ಮೀಟರ್. ಈ ಸೂತ್ರಕ್ಕೆ ದೊಡ್ಡ ಮಿತಿ ಇದೆ: ಆ ತೀರಕ್ಕೆ ಹೊಸ ಮರಳು ಬರುವುದೂ ಇಲ್ಲ, ಇರುವ ಮರಳು ಹೊರಗೆ ಹೋಗುವುದೂ ಇಲ್ಲ ಎಂದು ಅದು ನಂಬುತ್ತದೆ. ಹಾಗಾಗಿ ಅಂದಾಜಿಗೆ ಮಾತ್ರ ಬಳಸಿ. ನಾಲ್ಕು ಬೆರಳು ಎಂದು ತಳ್ಳಿಹಾಕಿದ್ದು ಅಡ್ಡಗಲದಲ್ಲಿ ಎಷ್ಟಾಗುತ್ತದೆ ಎಂದು ಕಾಣಲು ಇಷ್ಟು ಸಾಕು.

ಇನ್ನೊಂದು ಕಡೆಯ ಅತಿರೇಕವೂ ಇದೆ. ಎಲ್ಲ ಕಡಲ್ಕೊರೆತಕ್ಕೂ ಹವಾಮಾನ ಬದಲಾವಣೆಯೇ ಕಾರಣ ಎಂದು ಈಗ ಸಭೆ ಸಭೆಯಲ್ಲೂ ಕೇಳಿಬರುತ್ತದೆ. ಇದು ಅರ್ಧ ಸತ್ಯ, ಕೆಲವರಿಗೆ ಅನುಕೂಲದ ಸತ್ಯ. ಇವತ್ತು ನಮ್ಮ ಕರಾವಳಿಯಲ್ಲಿ ಮನೆ, ತೆಂಗಿನ ತೋಟ ಕಡಲು ಪಾಲಾಗುತ್ತಿರುವ ಬಹುತೇಕ ಕಡೆ ಮುಖ್ಯ ಕಾರಣ ಮರಳಿನ ಕೊರತೆ. ತೀರದ ಮರಳು ಒಂದೇ ಕಡೆ ಕೂರುವುದಿಲ್ಲ. ಅಲೆಗಳು ಓರೆಯಾಗಿ ಬಡಿಯುವುದರಿಂದ ದಡದ ಉದ್ದಕ್ಕೂ ಹರಿಯುತ್ತಲೇ ಇರುತ್ತದೆ. ಅಳಿವೆಯ ಬಾಯಿಗೆ ಅಲೆ ತಡೆಯುವ ಕಲ್ಲಿನ ಬ್ರೇಕ್‌ವಾಟರ್ ಚಾಚಿದರೆ ಒಂದು ಬದಿಯಲ್ಲಿ ಮರಳು ಶೇಖರವಾಗುತ್ತದೆ, ಇನ್ನೊಂದು ಬದಿ ಹಸಿದು ಕೊರೆಯುತ್ತದೆ. ನೇತ್ರಾವತಿ-ಗುರುಪುರ ಅಳಿವೆಯ ಬೆಂಗ್ರೆ ಬದಿಯಲ್ಲಿ ತೀರ ಬೆಳೆದದ್ದು, ಉಳ್ಳಾಲದ ಬದಿಯಲ್ಲಿ ಕರಗಿದ್ದು ಕಣ್ಣೆದುರಿನ ಉದಾಹರಣೆ. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರು ಕಟ್ಟಿದ ಮೇಲೆ ಪಟ್ಟಣದ ಮುಂದಿನ ಬೀಚೇ ಇಲ್ಲವಾಗಿತ್ತು. ನದಿಗಳು ತರುವ ಮರಳೂ ಕಡಿಮೆ: ಕಾಳಿ, ಶರಾವತಿಗೆ ಅಣೆಕಟ್ಟು, ಉಳಿದ ನದಿಗಳಲ್ಲಿ ಮರಳುಗಾರಿಕೆ. ಮಂಡ್ಯದವರಿಗೂ ಇದರಲ್ಲಿ ಪಾಲಿದೆ ಅನ್ನಿ. ಕನ್ನಂಬಾಡಿಯ ಹಿನ್ನೀರಿನಲ್ಲಿ, ಅದರ ಕೆಳಗೆ ಮೆಟ್ಟೂರಿನಲ್ಲಿ ತಂಗಿದ ಮರಳು ಕಾವೇರಿಯ ಮುಖಜಭೂಮಿಯ ತೀರಕ್ಕೆ ತಲುಪುವುದಿಲ್ಲ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಟೆಂಡರ್ ಹಾಕುವ ಮುನ್ನ ನಿಮ್ಮ 600 ಮೀಟರಿನಾಚೆ ಎರಡೂ ಬದಿ ನಾಲ್ಕೈದು ಕಿಲೋಮೀಟರ್ ನಡೆದು ನೋಡಿ. ಪಕ್ಕದಲ್ಲಿ ಅಳಿವೆ, ಮೀನುಗಾರಿಕಾ ಜೆಟ್ಟಿ, ಹೊಸ ತಡೆಗೋಡೆ ಇದ್ದರೆ ಅವೇ ನಿಮ್ಮ ತೀರದ ಹಣೆಬರಹ ಬರೆಯುತ್ತವೆ. ಕಡಲಮಟ್ಟದ ಏರಿಕೆ ಅದರ ಮೇಲಿನ ಬಡ್ಡಿ.

ಈಗ 10 ಮೀಟರಿನ ಮಾತು. ಅದು ಕಾನೂನಿನ ಕನಿಷ್ಠ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯ ಪ್ರಕಾರ ಗ್ರಾಮೀಣ ತೀರಗಳಲ್ಲಿ ಜನಸಾಂದ್ರತೆ ನೋಡಿಕೊಂಡು ಭರತರೇಖೆಯಿಂದ 50 ಅಥವಾ 200 ಮೀಟರ್ ನಿರ್ಮಾಣ ನಿಷೇಧ ವಲಯ. ಅದರೊಳಗೂ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಶವರ್, ಇಂಟರ್‌ಲಾಕ್ ಪೇವರ್ ಕಾಲುದಾರಿ, ಆಸನದಂಥ ತಾತ್ಕಾಲಿಕ ಪ್ರವಾಸಿ ಸೌಲಭ್ಯಕ್ಕೆ ಅವಕಾಶ ಇದೆ, ಕನಿಷ್ಠ 10 ಮೀಟರ್ ದೂರ ಬಿಟ್ಟರೆ. ತಾತ್ಕಾಲಿಕ ಎಂಬ ಮಾತನ್ನು ಮರೆಯಬೇಡಿ. ಪಾರ್ಕಿಂಗ್ ಮತ್ತು ಕಾಯಂ ಕಟ್ಟಡ ಆ ಪಟ್ಟಿಯ ಮಾತಲ್ಲ. ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಅನುಮತಿ ಯಾರ ಹೆಸರಿನಲ್ಲಿದೆ, ಅದರಲ್ಲಿ ಏನೇನು ಬರೆದಿದೆ ಎಂದು ಕಾಗದ ನೋಡದೆ ಮುಂಗಡ ಠೇವಣಿ ಕಟ್ಟಬೇಡಿ.

ಕಾನೂನಿನ ದೂರ ಒಂದು, ಎಂಜಿನಿಯರಿಂಗ್ ದೂರ ಇನ್ನೊಂದು. ಪಶ್ಚಿಮ ಕರಾವಳಿಯ ತೆರೆದ ಬೀಚು ಏಪ್ರಿಲ್‌ನಲ್ಲಿ ಕಾಣುವಷ್ಟು ಅಗಲ ಆಗಸ್ಟ್‌ನಲ್ಲಿ ಇರುವುದಿಲ್ಲ. ಮುಂಗಾರಿನ ಅಲೆ ಮರಳನ್ನು ಎಳೆದು ದಡದಿಂದಾಚೆ ದಿಂಡಾಗಿ ಇಡುತ್ತದೆ. ಅಕ್ಟೋಬರಿನಿಂದ ಮೇ ತನಕದ ಸಣ್ಣ ಅಲೆಗಳು ಅದನ್ನು ನಿಧಾನವಾಗಿ ವಾಪಸ್ ತರುತ್ತವೆ. ಪೂರ್ತಿ ತರುತ್ತವೆಯೆ ಎಂಬುದು ಆ ತೀರದ ಮರಳಿನ ಜಮಾ-ಖರ್ಚಿನ ಮೇಲೆ ನಿಂತಿದೆ. ಒಂದು ತೀರದಲ್ಲಿ ಋತುವಿನ ಏರಿಳಿತ 25 ಮೀಟರ್, ಒಂದು ದೊಡ್ಡ ಚಂಡಮಾರುತದ ಹೆಚ್ಚುವರಿ ಕೊರೆತ 10 ಮೀಟರ್, ಕಡಲಮಟ್ಟದ ಪಾಲು 5 ಮೀಟರ್ ಎಂದಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಕಾಣುವ ಅಂಚಿನಿಂದ 40 ಮೀಟರ್ ಆಯಿತು. ಆ ತೀರ ವರ್ಷಕ್ಕೆ ಒಂದು ಮೀಟರಿನಂತೆ ಮೊದಲಿನಿಂದಲೂ ಸವೆಯುತ್ತಿದ್ದರೆ ಇನ್ನು 15 ಸೇರಿಸಿ. 55 ಮೀಟರಿನ ಜಾಗದಲ್ಲಿ 10 ಬಿಟ್ಟು ಕಾಂಕ್ರೀಟ್ ಹಾಕಿದವರ ಶೌಚಾಲಯದ ತಳಪಾಯ ಮೂರನೇ ಮಳೆಗಾಲದಲ್ಲಿ ಗಾಳಿಯಲ್ಲಿ ತೂಗುತ್ತಿರುತ್ತದೆ.

ಈ ಅಂಕಿಗಳನ್ನು ನಿಮ್ಮ ತೀರಕ್ಕೆ ನೀವೇ ಅಳೆಯಬಹುದು. ಹಿನ್ನೆಲೆಯಲ್ಲಿ ಕದಲದ ಒಂದು ಗುರುತು ಹಿಡಿದು, ಆಟೋ ಲೆವೆಲ್‌ನಲ್ಲಿ 100 ಮೀಟರಿಗೊಂದರಂತೆ ಕಡಲಿಗೆ ಅಡ್ಡಲಾಗಿ ಮಟ್ಟ ತೆಗೆಯಿರಿ. ಮೊಣಕಾಲು ನೀರಿನವರೆಗೆ ಹೋದರೆ ಸಾಕು. ಇಳಿತದ ಹೊತ್ತು ನೋಡಿಕೊಂಡು ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಮಳೆ ಬಿಡುವು ಕೊಟ್ಟಾಗ ಒಮ್ಮೆ. ಎರಡು ಗೆರೆಗಳ ನಡುವಿನ ಅಂತರವೇ ಋತುವಿನ ಏರಿಳಿತ. ನಾಡದೋಣಿಯವರು ಮುಂಗಾರಿನಲ್ಲಿ ದೋಣಿಯನ್ನು ಎಲ್ಲಿಯವರೆಗೆ ಎಳೆದಿಡುತ್ತಾರೆ ಎಂದು ಕೇಳಿ. ಅವರ ಗೆರೆ ಬಹಳ ಸಲ ನಕ್ಷೆಯ ಗೆರೆಗಿಂತ ನಂಬಿಕೆಗೆ ಅರ್ಹ. ಸರ್ವೆ ಆಫ್ ಇಂಡಿಯಾ ಗುರುತಿಸಿದ ಅಪಾಯರೇಖೆಯನ್ನೂ ತರಿಸಿಕೊಳ್ಳಿ. ನೂರು ವರ್ಷದ ಕಡಲೇರಿಕೆ, ಪ್ರವಾಹ, ತೀರದ ಬದಲಾವಣೆಯನ್ನು ಲೆಕ್ಕ ಹಾಕಿ ಎಳೆದ ಗೆರೆ ಅದು. 2019ರ ಅಧಿಸೂಚನೆಯಲ್ಲಿ ಅದು ನಿರ್ಬಂಧ ಅಲ್ಲ, ಸಲಹೆ. ಆದರೂ ಕಾಯಂ ಆಗಿ ಏನು ಕಟ್ಟುವುದಿದ್ದರೂ ಅದರ ಒಳಬದಿಗೆ ಇಡುವುದು ಕ್ಷೇಮ.

ಇಲ್ಲಿ ಒಳನಾಡಿನಿಂದ ಹೋದವರು ತಪ್ಪುವ ಒಂದು ಜಾಗ ಇದೆ. ನಿಮ್ಮ ನಾಲೆಯ ಆರ್.ಎಲ್. (ನಕ್ಷೆಯ ಎತ್ತರದ ಅಂಕಿ) ಎಲ್ಲ ಸರಾಸರಿ ಕಡಲಮಟ್ಟದಿಂದ ಅಳೆದದ್ದು. ಬಂದರಿನ ಭರತ-ಇಳಿತದ ಪಟ್ಟಿ ಚಾರ್ಟ್ ಡೇಟಂನಿಂದ, ಅಂದರೆ ಕಡಲು ತೀರಾ ಇಳಿದಾಗಿನ ಮಟ್ಟದಿಂದ. ಮಂಗಳೂರಿನ ಕಡೆ ಎರಡಕ್ಕೂ ಸುಮಾರು ಒಂದು ಮೀಟರ್ ವ್ಯತ್ಯಾಸ. ಪಟ್ಟಿಯಲ್ಲಿ ಭರತ 1.5 ಮೀಟರ್ ಎಂದಿದ್ದರೆ ಅದು ನಿಮ್ಮ ಆರ್.ಎಲ್.ನಲ್ಲಿ ಅರ್ಧ ಮೀಟರಿನ ಆಸುಪಾಸು. ಎರಡನ್ನೂ ಒಂದೇ ನಕ್ಷೆಯಲ್ಲಿ ಬೆರೆಸಿದರೆ ಆರು ಸೆಂಟಿಮೀಟರಿನ ಚರ್ಚೆಗೆ ಅರ್ಥವೇ ಇರುವುದಿಲ್ಲ.

ತಡೆಗೋಡೆಗೆ ಬರೋಣ. ನಾಲೆಯಲ್ಲಿ ನೀರು ದಂಡೆಯ ಪಕ್ಕ ಒಂದೇ ದಿಕ್ಕಿಗೆ, ಎಂಜಿನಿಯರ್ ಬಿಟ್ಟಷ್ಟೇ ಮಟ್ಟದಲ್ಲಿ ಹರಿಯುತ್ತದೆ. ಅಲ್ಲಿ 30-40 ಕಿಲೋ ತೂಗುವ ಸೈಜು ಕಲ್ಲನ್ನು ಒತ್ತಾಗಿ ಜೋಡಿಸಿ ಸಂದಿಗೆ ಗಾರೆ ತುಂಬಿದರೆ ನಿಲ್ಲುತ್ತದೆ. ಅಲೆ ಹಾಗಲ್ಲ. ನುಗ್ಗುವಾಗ ಕಲ್ಲನ್ನು ಹೊಡೆಯುತ್ತದೆ. ವಾಪಸ್ ಇಳಿಯುವಾಗ ಕಲ್ಲಿನ ಹಿಂದೆ ಸಿಕ್ಕಿಕೊಂಡ ನೀರು ಹೊರಗೆ ತಳ್ಳುತ್ತದೆ. ಗಾರೆ ತುಂಬಿದ್ದರೆ ಆ ಒತ್ತಡಕ್ಕೆ ದಾರಿ ಇಲ್ಲದೆ ಇಡೀ ಹಾಸು ಉಬ್ಬಿ ಬಿರಿಯುತ್ತದೆ. ಗಾರೆ ಇಲ್ಲದಿದ್ದರೆ ಒಂದೊಂದೇ ಕಲ್ಲು ಕಿತ್ತು ಬರುತ್ತದೆ.

ಎಷ್ಟು ದೊಡ್ಡ ಕಲ್ಲು ಬೇಕು ಎನ್ನುವುದಕ್ಕೆ ಹಡ್ಸನ್ ಸೂತ್ರ ಇದೆ. ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ ಎಂಬುದೇ ಅದರ ತಿರುಳು. ಒಂದಕ್ಕೆ ಎರಡರ ಇಳಿಜಾರು (ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಡ್ಡಗಲ), ಒರಟು ಗ್ರಾನೈಟ್, ಎರಡು ಪದರ, ದಡದಲ್ಲೇ ಒಡೆಯುವ ಅಲೆ ಎಂದು ಹಿಡಿದರೆ ಒಂದು ಮೀಟರ್ ಅಲೆಗೆ ಸುಮಾರು 170 ಕಿಲೋ ಕಲ್ಲು ಸಾಕು. ಎರಡು ಮೀಟರ್ ಅಲೆಗೆ 1.3 ಟನ್. ಮೂರು ಮೀಟರಿಗೆ ನಾಲ್ಕೂವರೆ ಟನ್. ದಡಕ್ಕೆ ಬಡಿಯುವ ಅಲೆಯ ಎತ್ತರ ಅಲ್ಲಿನ ನೀರಿನ ಆಳದ ಸುಮಾರು 0.78 ಪಾಲು. ಗೋಡೆಯ ಬುಡದಲ್ಲಿ ಭರತದ ಹೊತ್ತು ಎರಡೂವರೆ ಮೀಟರ್ ನೀರಿದ್ದರೆ ಅಲೆ ಎರಡು ಮೀಟರಿನ ಹತ್ತಿರ. ಕಡಲು 30 ಸೆಂ.ಮೀ. ಏರಿತು ಅಂದರೆ ಆಳ 2.8 ಆಯಿತು, ಅಲೆ ಎಂಟನೇ ಒಂದು ಪಾಲು ಮಾತ್ರ ಹೆಚ್ಚಿದರೂ ಬೇಕಾಗುವ ಕಲ್ಲಿನ ತೂಕ ನೂರಕ್ಕೆ 40ರಷ್ಟು ಹೆಚ್ಚುತ್ತದೆ. ಇವತ್ತಿನ ಲೆಕ್ಕಕ್ಕೆ ಸರಿಯಾಗಿ ಕಟ್ಟಿದ ಗೋಡೆ ನಾಳೆ ಸಾಲದೆ ಬರುವುದು ಹೀಗೆ.

ಅಷ್ಟೇ ಅಲ್ಲ, ಗೋಡೆ ತನ್ನ ಬುಡವನ್ನು ತಾನೇ ಆಳ ಮಾಡಿಕೊಳ್ಳುತ್ತದೆ. ಮರಳಿನ ಇಳಿಜಾರಿನಲ್ಲಿ ಅಲೆ ಓಡಿ, ಇಂಗಿ, ಸುಸ್ತಾಗುತ್ತದೆ. ಗೋಡೆಗೆ ಬಡಿದದ್ದು ಹಿಂದಕ್ಕೆ ಚಿಮ್ಮಿ ಬುಡದ ಮರಳನ್ನು ತೋಡುತ್ತದೆ. ನೆಟ್ಟಗಿನ ಗೋಡೆಯಾದರೆ ಈ ಗುಂಡಿ ಹೆಚ್ಚುಕಡಿಮೆ ಅಲೆಯ ಎತ್ತರದಷ್ಟೇ ಆಳಕ್ಕೆ ಹೋಗಬಹುದು. ಗುಂಡಿ ಆಳವಾದಷ್ಟೂ ದೊಡ್ಡ ಅಲೆ ಹತ್ತಿರ ಬರುತ್ತದೆ. ಕರಾವಳಿಯಲ್ಲಿ ಪ್ರತಿ ಮಳೆಗಾಲ ಲಾರಿಗಟ್ಟಲೆ ಕಲ್ಲು ಸುರಿದರೂ ಮುಂದಿನ ವರ್ಷ ಕಾಣದಂತಾಗುವುದನ್ನು ಜನ ಕಡಲು ಕಲ್ಲು ನುಂಗಿತು ಎನ್ನುತ್ತಾರೆ. ನುಂಗುವುದು ಮರಳು. ಕಲ್ಲಿನ ಕೆಳಗೆ ನೀರು ಬಿಟ್ಟು ಮರಳು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲಿನ ಪದರ ಇಲ್ಲದಿದ್ದರೆ ಸಂದಿಯಿಂದ ಮರಳು ಹೊರಟುಹೋಗಿ ಕಲ್ಲು ಇದ್ದಲ್ಲೇ ಕುಸಿಯುತ್ತದೆ.

ಸರಿಯಾಗಿ ಕಟ್ಟುತ್ತೇನೆ ಅಂದರೆ ಖರ್ಚು ನೋಡಿ. ಬುಡದಿಂದ ತಲೆಗೆ ಆರು ಮೀಟರ್ ಎತ್ತರ, ಒಂದಕ್ಕೆ ಎರಡರ ಇಳಿಜಾರು, 1.3 ಟನ್ ಕಲ್ಲಿನ ಎರಡು ಪದರ: ಮೀಟರ್ ಉದ್ದಕ್ಕೆ ಹೊರಪದರದ ಕಲ್ಲೇ ಸುಮಾರು 36 ಟನ್. ನಿಮ್ಮ 600 ಮೀಟರಿಗೆ 21,000 ಟನ್ ದಾಟುತ್ತದೆ, ಸಾವಿರಕ್ಕೂ ಮೀರಿದ ಲಾರಿ ಲೋಡ್. ಒಳಪದರಕ್ಕೆ 130 ಕಿಲೋ ಆಸುಪಾಸಿನ ಕಲ್ಲು, ಬುಡದ ಕಲ್ಲುಕಟ್ಟು ಬೇರೆ. ಇಷ್ಟು ಮಾಡಿದ ಮೇಲೆ ಕಲ್ಲಿನ ಹಿಂದಿನ ರಸ್ತೆ ಉಳಿಯುತ್ತದೆ, ಮುಂದಿನ ಮರಳು ಉಳಿಯುವುದಿಲ್ಲ. ಗೋಡೆ ಮುಗಿದ ಎರಡೂ ತುದಿಯಲ್ಲಿ ಪಕ್ಕದವರ ತೋಟ ಕೊರೆಯಲು ಶುರುವಾಗುತ್ತದೆ. ಬೀಚು ನೋಡಲು ಬಂದವರಿಗೆ ಕಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ಭಾಗ್ಯ. ಮರವಂತೆಯಂತೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ ಇದ್ದರೆ ಹಿಂದೆ ಸರಿಯಲು ಜಾಗವೇ ಇಲ್ಲ. ಅಂಥಲ್ಲಿ ಕಲ್ಲು ಅನಿವಾರ್ಯ. ಹಿಂದೆ ಖಾಲಿ ಸರ್ಕಾರಿ ಜಾಗ ಇರುವ ಬೀಚಿಗೆ ತಡೆಗೋಡೆ ಕಟ್ಟುವುದು ನನ್ನ ಅಭಿಪ್ರಾಯದಲ್ಲಿ ದುಡ್ಡು ಕೊಟ್ಟು ಬೀಚು ಕಳೆದುಕೊಳ್ಳುವ ಕೆಲಸ. ಊರಿನವರಿಗೆ ಇದನ್ನು ಹೇಳುವಾಗ ಮನೆಗಳ ಮುಂದಿನ ಪಟ್ಟಿ, ಬೀಚಿನ ಪಟ್ಟಿ ಎರಡನ್ನೂ ಬೇರೆ ಮಾಡಿ ಮಾತಾಡಿ. ಮನೆ ಉಳಿಸಿಕೊಳ್ಳುವ ಅವರ ಚಿಂತೆ ನ್ಯಾಯವಾದದ್ದು, ಆದರೆ ಅದು ನಿಮ್ಮ ಟೆಂಡರಿನೊಳಗೆ ಬಗೆಹರಿಯುವುದಲ್ಲ.

ಕಡಲೊಳಗೆ ಮಾಡುವ ಕೆಲಸಗಳೂ ಇವೆ. ಉಳ್ಳಾಲದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಯೋಜನೆಯಲ್ಲಿ ಅಲೆಯ ಬಲ ತಗ್ಗಿಸಲು ನೀರೊಳಗೆ ದಿಬ್ಬಗಳನ್ನು ಕಟ್ಟಿದರು; ಪುದುಚೇರಿಯಲ್ಲಿ 2018ರಲ್ಲಿ ನೀರಿನಡಿಯ ರೀಫ್ ಇಳಿಸಿದ ಮೇಲೆ ಪಟ್ಟಣದ ಮುಂದೆ ಮತ್ತೆ ಮರಳು ಕಂಡಿತು. ಇವು ಅಲೆಯ ಮಾದರಿ ಪರೀಕ್ಷೆ, ವರ್ಷಗಟ್ಟಲೆಯ ಅಳತೆ ಕೇಳುವ ಸರ್ಕಾರಿ ಗಾತ್ರದ ಯೋಜನೆಗಳು. 600 ಮೀಟರಿನ ಸೌಲಭ್ಯದ ಗುತ್ತಿಗೆಯಲ್ಲಿ ಇವನ್ನು ತುರುಕಬಾರದು. ದಡಕ್ಕೆ ಅಡ್ಡಲಾಗಿ ಕಲ್ಲಿನ ಚಾಚು ಹಾಕೋಣ ಎಂದು ಯಾರಾದರೂ ಅಂದರೆ, ಅದು ಹೊಸ ಮರಳನ್ನು ಸೃಷ್ಟಿಸುವುದಿಲ್ಲ, ಮುಂದಿನ ಊರಿಗೆ ಹೋಗುವುದನ್ನು ತಡೆಯುತ್ತದೆ ಅಷ್ಟೇ ಎಂಬುದು ತಿಳಿದಿರಲಿ.

ಹೊರಗಿನಿಂದ ಮರಳು ತಂದು ಹಾಸುವುದು ಬೀಚಿಗೆ ಒಗ್ಗುವ ಉಪಾಯ, ಆದರೆ ಗಾತ್ರದ ಅಂದಾಜು ಬಹಳ ಜನರಿಗೆ ತಪ್ಪುತ್ತದೆ. ಕಣ್ಣಿಗೆ ಕಾಣುವ ಒಣ ಮರಳನ್ನು ಮಾತ್ರ ಅಗಲ ಮಾಡಿದರೆ ಆಗುವುದಿಲ್ಲ. ನೀರಿನಡಿಯ ಇಳಿಜಾರೂ ಅಷ್ಟೇ ಮುಂದೆ ಹೋಗಬೇಕು. ಎಂಟು ಮೀಟರ್ ಎತ್ತರದ ಆ ಪಟ್ಟಿಯನ್ನು 10 ಮೀಟರ್ ಮುಂದೂಡಲು 600 ಮೀಟರಿಗೆ 48,000 ಘನ ಮೀಟರ್ ಬೇಕು. ಹತ್ತು ಘನ ಮೀಟರಿನ ಟಿಪ್ಪರ್‌ನಲ್ಲಿ 4,800 ಲೋಡ್. ಕಣ ಅಲ್ಲಿನ ಮರಳಿನಷ್ಟೇ ದಪ್ಪ ಅಥವಾ ಇನ್ನೂ ದಪ್ಪ ಇರಬೇಕು. ಸಣ್ಣದಾದರೆ ಒಂದೇ ಮಳೆಗಾಲಕ್ಕೆ ತೇಲಿಹೋಗುತ್ತದೆ. ಎಂ-ಸ್ಯಾಂಡ್ ಬೇಡವೇ ಬೇಡ: ಚೂಪು ಅಂಚು, ಪುಡಿ, ಬರಿಗಾಲಿಗೂ ಆಗದು, ಆಮೆಗೂ ಆಗದು. ಬಂದರಿನ ಹೂಳೆತ್ತುವಾಗ ಸಿಗುವ ಸ್ವಚ್ಛ ಮರಳೇ ಸಾಧುವಾದದ್ದು. ಅದೂ ಕೆಲವು ವರ್ಷಕ್ಕೊಮ್ಮೆ ಮತ್ತೆ ಹಾಕುವ ಖರ್ಚು.

ನಿಮ್ಮ ಕೈಯಳತೆಯಲ್ಲಿ ಇರುವುದು ಬೀಚಿನ ಹಿಂದಿನ ಮರಳದಿಬ್ಬ. ದೊಡ್ಡ ಅಲೆ ಬಂದಾಗ ತೀರ ಸಾಲ ಪಡೆಯುವುದು ಅಲ್ಲಿಂದಲೇ. ಕಡಲು ಕಾಣಲಿ ಎಂದು ಜೆಸಿಬಿ ತಂದು ಆ ದಿಬ್ಬವನ್ನು ಸಮ ಮಾಡುವುದು ಈ ಥರದ ಯೋಜನೆಗಳಲ್ಲಿ ಮಾಮೂಲು. ಅದು ಸಿಆರ್‌ಝಡ್‌ನಲ್ಲಿ ನಿಷಿದ್ಧವೂ ಹೌದು. ದಿಬ್ಬ ಸವೆದಿದ್ದರೆ ಬೆಳೆಸಬಹುದು. ಅಕ್ಟೋಬರ್-ನವೆಂಬರಿನಲ್ಲಿ ಬಿದಿರಿನ ದಬ್ಬೆ ಅಥವಾ ತೆಂಗಿನ ಗರಿಯ ತಟ್ಟಿಯನ್ನು ಕಡಲಿಗೆ ಸಮಾನಾಂತರವಾಗಿ ನಿಲ್ಲಿಸಿ. ಎತ್ತರ ಒಂದು ಮೀಟರ್, ತಟ್ಟಿಯಲ್ಲಿ ಅರ್ಧ ಭಾಗ ಸಂದಿ ಇರಬೇಕು. ಪೂರ್ತಿ ಮುಚ್ಚಿದ ತಟ್ಟಿಯ ಮುಂದೆ ಗಾಳಿ ಸುಳಿ ತಿರುಗಿ ಮರಳನ್ನು ತೋಡುತ್ತದೆ; ಸಂದಿ ಇದ್ದರೆ ಗಾಳಿ ಸೋತು ಮರಳನ್ನು ಕೆಡವುತ್ತದೆ. ಎರಡನೇ ಸಾಲು ನಾಲ್ಕು ಮೀಟರ್ ಹಿಂದೆ. ಆಮೆಗಳು ಹೋಗಿಬರಲು ನಡುನಡುವೆ ತೆರಪು ಬಿಡಿ. ಮರಳು ತಟ್ಟಿಯ ಮುಕ್ಕಾಲಿಗೆ ಬಂದ ಮೇಲೆ ರಾವಣನ ಮೀಸೆ ಹುಲ್ಲನ್ನೂ, ಮೇಕೆಗೊರಸಿನಂಥ ಎಲೆ ಮತ್ತು ನೇರಳೆ ಹೂವಿನ ಅಡುಂಬು ಬಳ್ಳಿಯನ್ನೂ ನೆಡಿ. ಎರಡೂ ಅದೇ ತೀರದ ಮಗ್ಗುಲಲ್ಲಿ ಸಿಗುತ್ತವೆ. ಬಳ್ಳಿಯನ್ನು ಮೊಳ ಉದ್ದ ಕತ್ತರಿಸಿ, ಎರಡು-ಮೂರು ಗೆಣ್ಣು ಮರಳೊಳಗೆ ಹೋಗುವಂತೆ, ಅರ್ಧ ಮೀಟರಿಗೊಂದು ಹೂಳಿದರೆ ಸಾಕು. ಮೊದಲ ಮಳೆಗೆ ಹಿಡಿದುಕೊಳ್ಳುತ್ತದೆ. ಜನ ತುಳಿಯದಂತೆ ಹಗ್ಗ ಕಟ್ಟುವುದು ಮಾತ್ರ ತಪ್ಪಬಾರದು.

ಸರ್ವೆ, ಕರಾವಳಿಯವರ ಗಾಳಿಮರ, ಗಾಳಿ ತಡೆಯಲು ಒಳ್ಳೆಯದು, ಕೊರೆತ ತಡೆಯಲು ಅಲ್ಲ. ಬೇರು ಮೇಲುಮೇಲೆ ಹರಡುತ್ತದೆ. ಕಡಲು ದಡವನ್ನು ಕಡಿದಾಗ ಮರ ಬೇರುಸಹಿತ ಅಡ್ಡ ಬೀಳುತ್ತದೆ. ಉದುರಿದ ಎಲೆಯ ಹಾಸಿನಡಿ ಮರಳು ಹಿಡಿಯುವ ಬಳ್ಳಿ ಹುಲ್ಲು ಬೆಳೆಯುವುದೂ ಇಲ್ಲ. ಹಾಕಲೇಬೇಕೆಂದರೆ ದಿಬ್ಬದ ಹಿಂದೆ, ಪಾರ್ಕಿಂಗ್ ಬದಿಗೆ ಹಾಕಿ.

ಇನ್ನು ನೀವು ಕಟ್ಟುವ ವಸ್ತುಗಳು. ಎಲ್ಲದಕ್ಕೂ ಒಂದೇ ನಿಯಮ ಇಟ್ಟುಕೊಳ್ಳಿ: ಕಡಲಿಗೆ ಹತ್ತಿರ ಇರುವುದು ಬಿಚ್ಚಿ ಎತ್ತಿಡಲು ಬರಬೇಕು, ದೂರ ಇರುವುದು ಮಾತ್ರ ಗಟ್ಟಿಯಾಗಿರಬೇಕು. ಬಟ್ಟೆ ಬದಲಿಸುವ ಕೋಣೆ, ಆಸನ, ಕಾವಲು ಅಟ್ಟಣಿಗೆ ಇವೆಲ್ಲ ಬೋಲ್ಟ್ ಹಾಕಿದ ಚೌಕಟ್ಟಿನಲ್ಲಿ, ನಾಲ್ಕು ಜನ ಹೊರುವಷ್ಟು ತುಂಡುಗಳಾಗಿ ಇರಲಿ. ಪೇವರ್‌ಗೆ ಕಾನೂನಿನ ಅಡ್ಡಿ ಇಲ್ಲದಿದ್ದರೂ ದಿಬ್ಬದ ಮೇಲೆ ಬೇಡ. ಅಂಚಿನ ಒಂದು ಸಾಲು ಮರಳು ಜಾರಿದರೆ ಇಡೀ ಹಾಸು ಬಿಚ್ಚಿಕೊಳ್ಳುತ್ತದೆ. ದಿಬ್ಬ ದಾಟಲು ಮರಳಿನಿಂದ ಅರ್ಧ ಮೀಟರ್ ಮೇಲೆ ನಿಂತ ಹಲಗೆದಾರಿ ಮಾಡಿ, ಕಂಬ ಎರಡು ಮೀಟರ್ ಆಳಕ್ಕೆ ಹೋಗಲಿ, ಹಲಗೆಗಳ ನಡುವೆ ಬೆರಳಗಲ ಸಂದಿ ಇರಲಿ. ದಾರಿ ಕಡಲಿಗೆ ನೇರವಾಗಿ ಇರಬಾರದು, ಓರೆಯಾಗಿರಬೇಕು. ನೇರ ದಾರಿಯಲ್ಲಿ ಗಾಳಿಯೂ ಅಲೆಯೂ ನುಗ್ಗಿ ದಿಬ್ಬವನ್ನು ಎರಡಾಗಿ ಸೀಳುತ್ತವೆ. ಕಡಲ ಕಡೆಯ ಕೊನೆಯ ಎರಡು-ಮೂರು ತುಂಡುಗಳು ಮಳೆಗಾಲದಲ್ಲಿ ಕಳಚಿಡುವಂಥವು.

ಶೌಚಾಲಯವೇ ಎಲ್ಲಕ್ಕಿಂತ ಸೂಕ್ಷ್ಮ. ಮಂಡ್ಯದ ಮಣ್ಣಿನಲ್ಲಿ ಇಂಗುಗುಂಡಿ ನಡೆಯುತ್ತದೆ, ತೀರದ ಮರಳಿನಲ್ಲಿ ನಡೆಯುವುದಿಲ್ಲ. ಮುಂಗಾರಿನಲ್ಲಿ ಅಲ್ಲಿನ ಅಂತರ್ಜಲ ಮೇಲ್ಮೈ ಹತ್ತಿರಕ್ಕೆ ಬರುತ್ತದೆ. ಕಡಲು ಏರಿದಂತೆ ಅದರ ಮೇಲೆ ತೇಲುವ ಸಿಹಿನೀರೂ ಏರುತ್ತದೆ. ಗುಂಡಿಯ ತಳಕ್ಕೂ ನೀರಿಗೂ ಒಂದೂವರೆ-ಎರಡು ಮೀಟರ್ ಅಂತರ ವರ್ಷಪೂರ್ತಿ ಸಿಗದಿದ್ದರೆ ಕೊಳಚೆ ನೇರ ಊರಿನ ಬಾವಿಗಳಿಗೆ. ಸೋರದ ಟ್ಯಾಂಕ್ ಇಟ್ಟು ಸಕ್ಕಿಂಗ್ ಲಾರಿಯಲ್ಲಿ ತೆಗೆಸುವ ವ್ಯವಸ್ಥೆ ಮಾಡಿ. ಆದರೆ ಹೂತಿಟ್ಟ ಖಾಲಿ ಟ್ಯಾಂಕ್ ತೇಲುತ್ತದೆ. ಐದು ಸಾವಿರ ಲೀಟರಿನ ಫೈಬರಿನ ಎಫ್‌ಆರ್‌ಪಿ ಟ್ಯಾಂಕನ್ನು ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿಸಿದಿರಿ, ಸುತ್ತ ನೀರು ತುಂಬಿತು ಅನ್ನಿ: ಮೇಲಕ್ಕೆ ತಳ್ಳುವ ಬಲ ಐದು ಟನ್. ನೀರೊಳಗೆ ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 1.4 ಟನ್ ಮಾತ್ರ. ಹಾಗಾಗಿ ತಳದಲ್ಲಿ ನಾಲ್ಕು ಘನ ಮೀಟರಿಗೂ ಸ್ವಲ್ಪ ಹೆಚ್ಚು ಕಾಂಕ್ರೀಟ್ ಹಾಕಿ ಪಟ್ಟಿಯಿಂದ ಬಿಗಿಯಬೇಕು. ಇಷ್ಟೆಲ್ಲ ಯಾಕೆ ಅನ್ನಿಸಿದರೆ ಟ್ಯಾಂಕನ್ನೂ ಶೌಚಾಲಯವನ್ನೂ ರಸ್ತೆಯ ಬದಿಗೆ, ನೆಲದ ಮೇಲೆಯೇ ಇಟ್ಟುಬಿಡಿ. ಜನ ಇನ್ನಷ್ಟು ದೂರ ನಡೆಯುತ್ತಾರೆ, ತೊಂದರೆ ಇಲ್ಲ.

ಮಳೆಯನ್ನು ನಿಮ್ಮ ಊರಿನ ಅಳತೆಯಲ್ಲಿ ಲೆಕ್ಕ ಹಾಕಬೇಡಿ. ಮಂಡ್ಯದ ವರ್ಷದ ಮಳೆ 700 ಮಿ.ಮೀ. ಆಸುಪಾಸು, ಉಡುಪಿ ಜಿಲ್ಲೆಯದು 4,000. ನೂರು ಚದರ ಮೀಟರ್ ಚಾವಣಿಯ ಮೇಲೆ 100 ಮಿ.ಮೀ. ಬಿದ್ದ ಒಂದೇ ದಿನ 10,000 ಲೀಟರ್. ಆ ನೀರನ್ನೂ ಪಾರ್ಕಿಂಗಿನ ನೀರನ್ನೂ ಪೈಪಿನಲ್ಲಿ ಬೀಚಿಗೆ ಬಿಟ್ಟರೆ ಪೈಪಿನ ಬಾಯಿಯಿಂದಲೇ ಕೊರೆತ ಶುರು. ಪಾರ್ಕಿಂಗಿಗೆ ಡಾಂಬರು ಬೇಡ, ಜಲ್ಲಿ ಹಾಸಿ, ನೀರನ್ನು ಒಳನಾಡಿನ ಕಡೆಗೆ ಹರಿಸಿ.

ಕಾಂಕ್ರೀಟ್ ಅನಿವಾರ್ಯವಾದಲ್ಲಿ ಭಾರತೀಯ ಕಾಂಕ್ರೀಟ್ ಮಾನಕ ಐಎಸ್ 456ರ ತೀರಾ ಉಗ್ರ ಪರಿಸರದ ದರ್ಜೆ ಹಿಡಿಯಿರಿ: ಎಂ 35 ದರ್ಜೆಯ ಕಾಂಕ್ರೀಟ್, ಘನ ಮೀಟರಿಗೆ ಕನಿಷ್ಠ 340 ಕಿಲೋ ಸಿಮೆಂಟ್, ನೀರು-ಸಿಮೆಂಟ್ ಅನುಪಾತ 0.45 ಮೀರಬಾರದು, ಕಂಬಿಯ ಮೇಲೆ 50 ಮಿ.ಮೀ. ಕಾಂಕ್ರೀಟಿನ ಕವರ್. ಸ್ಲ್ಯಾಗ್ ಸಿಮೆಂಟ್ ಒಳ್ಳೆಯದು. ಸ್ಥಳದ ಬಾವಿ ನೀರನ್ನು ಕ್ಲೋರೈಡ್ ಪರೀಕ್ಷೆ ಇಲ್ಲದೆ ಬಳಸಬೇಡಿ. ಕೈಹಿಡಿಯ ಕಂಬಿ, ಬೋಲ್ಟ್‌ಗಳಿಗೆ 304 ದರ್ಜೆಯ ಸ್ಟೀಲ್ ಹೊಳೆಯುತ್ತದೆ, ಆದರೆ ಕಡಲ ಗಾಳಿಗೆ ಬೇಗ ಕಲೆ ಬಿದ್ದು ತುಕ್ಕು ಹಿಡಿಯುತ್ತದೆ, 316 ಬೇಕು. ಹೈಮಾಸ್ಟ್ ದೀಪ ಬಿಡಿ. ಉತ್ತರ ಕನ್ನಡದ ತೀರಗಳಂತೆ ಕುಂದಾಪುರದ ಕಡೆಯೂ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಬಿಳಿ ಬೆಳಕಿಗೆ ಮರಿಗಳು ಕಡಲು ಬಿಟ್ಟು ರಸ್ತೆಯತ್ತ ಹೊರಡುತ್ತವೆ. ಮಂಡಿಯೆತ್ತರದ, ಕಡಲ ಕಡೆಗೆ ಮರೆ ಇರುವ, ಕೆಂಪು-ಹಳದಿ ಬೆಳಕಿನ ದೀಪ ಸಾಕು. ವಿದ್ಯುತ್ ಫಲಕ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ, ಕಟ್ಟಡದ ಒಳನಾಡಿನ ಮುಖಕ್ಕೆ.

ಟೆಂಡರ್ ವಿಷಯ. ಬಿಚ್ಚುವ, ಸಾಗಿಸುವ, ಶೆಡ್ಡಿನಲ್ಲಿಡುವ, ಮತ್ತೆ ಕೂರಿಸುವ ಕೆಲಸವನ್ನು ಪ್ರತಿ ವರ್ಷದ ಪ್ರತ್ಯೇಕ ಐಟಂ ಆಗಿ ದರಪಟ್ಟಿಯಲ್ಲಿ ಸೇರಿಸಲು ಪ್ರೀ-ಬಿಡ್ ಸಭೆಯಲ್ಲಿ ಕೇಳಿ. ಸೇರಿಸದಿದ್ದರೆ ಯಾರೂ ಬಿಚ್ಚುವುದಿಲ್ಲ. ದಿನಾಂಕದ ಬಗ್ಗೆ ಜಗಳ ಬರುತ್ತದೆ: ಮೇ ರಜೆಯಲ್ಲಿ ಜನ ಹೆಚ್ಚು, ಇಲಾಖೆ ಮೇ ಕೊನೆಯವರೆಗೆ ಇಡಿ ಅನ್ನುತ್ತದೆ. ಆದರೆ 2021ರ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಬಡಿದದ್ದು ಮೇ ಮಧ್ಯದಲ್ಲಿ. ದಿನಾಂಕದ ಬದಲು, ಕೇಂದ್ರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಎತ್ತರದ ಅಲೆಯ ಎಚ್ಚರಿಕೆ ಕೊಟ್ಟ 24 ಗಂಟೆಯೊಳಗೆ ಬಿಚ್ಚಬೇಕು, ತಪ್ಪಿದರೂ ಮೇ 25 ದಾಟಬಾರದು ಎಂದು ಬರೆಸಿಕೊಳ್ಳಿ. ದೋಷ ಹೊಣೆಗಾರಿಕೆಯ ಅವಧಿಯಲ್ಲಿ ತೀರವೇ ಸರಿದು ಆಗುವ ಹಾನಿ ಗುತ್ತಿಗೆದಾರನ ತಲೆಗೆ ಬರಬಾರದು. ಅದಕ್ಕೆ ಕೆಲಸ ಶುರುವಿನ ಮುನ್ನ ಇಲಾಖೆಯ ಎಂಜಿನಿಯರ್ ಎದುರಿಗೆ ತೆಗೆದು ಸಹಿ ಹಾಕಿಸಿದ ಆ ಅಡ್ಡಮಟ್ಟದ ಅಳತೆಗಳೇ ದಾಖಲೆ. ಈ ಎರಡು ಷರತ್ತಿಗೆ ಅವರು ಒಪ್ಪದಿದ್ದರೆ ನಿಮ್ಮ ಭಾವಮೈದ ಎಷ್ಟೇ ಒತ್ತಾಯ ಮಾಡಲಿ, ದರ ಹಾಕಬೇಡಿ.